ಹೊತ್ತು ತಂದ ಮನೆಗಳ ಊರಲ್ಲಿ ಅಮ್ಮನ ಜೊತೆ ಒಂದು ದಿನ

ಊರಿಂದ ಅಪ್ಪ-ಅಮ್ಮ ಬಂದಾಗ ನಾವು ಒಟ್ಟಾವಾದವರು ತೋರಿಸುವ ಜಾಗಗಳು ಹೆಚ್ಚುಕಡಿಮೆ ಒಂದೇ: ಪಾರ್ಲಿಮೆಂಟ್ ಹಿಲ್, ರಿಡೋ ಕಾಲುವೆ, ಒಂದು ದಿನ ಮಾಂಟ್ರಿಯಲ್, ಎರಡು ದಿನ ನಯಾಗರಾ. ಆ ಪಟ್ಟಿಗೆ ಅಪ್ಪರ್ ಕೆನಡಾ ವಿಲೇಜ್ ಸೇರಿಸಿ. ದಿನ ಸಾಲದಿದ್ದರೆ ಮಾಂಟ್ರಿಯಲ್ ಬಿಡಿ, ಇದನ್ನು ಬಿಡಬೇಡಿ. ಅಮ್ಮ ಸಾಗರಕ್ಕೆ ವಾಪಸ್ ಹೋಗಿ ಮೂರು ತಿಂಗಳಾಯಿತು. ಫೋನು ಮಾಡಿದಾಗಲೆಲ್ಲ ಅವಳು ಎತ್ತುವುದು "ಆ ಮನೆ ಹೊತ್ಕಂಡು ಬಂದ ಊರಿನ" ಮಾತನ್ನೇ. ನಯಾಗರಾ ಒಂದು ಸಲವೂ ಮಾತಿಗೆ ಬಂದಿಲ್ಲ.

ನಾವು ಹೋದದ್ದು ಜುಲೈನ ಒಂದು ಶನಿವಾರ. ಒಟ್ಟು 38 ಜನ. ಅದರಲ್ಲಿ 11 ಮಂದಿ ಊರಿಂದ ಬಂದ ಹಿರಿಯರು, 9 ಮಕ್ಕಳು. ಬಾಡಿಗೆಗೆ ಹೇಳಿದ್ದ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು, ಬಂದ ಮೇಲೂ ಹಿಂದಿನ ಸೀಟುಗಳಿಗೆ ತಂಪು ಗಾಳಿ ಮುಟ್ಟಲಿಲ್ಲ. ಗುಂಪು ಕಟ್ಟಿಕೊಂಡು ಹೋಗುವವರು ಹಿಂದಿನ ರಾತ್ರಿಯೇ ಡ್ರೈವರ್ ಹತ್ತಿರ ಮಾತಾಡಿಕೊಂಡಿರಿ. ಬ್ಯಾಂಕ್ ಸ್ಟ್ರೀಟನ್ನೇ ದಕ್ಷಿಣಕ್ಕೆ ಹಿಡಿದರೆ ಅದೇ ಮುಂದೆ ಹೆದ್ದಾರಿಯಾಗಿ, ಜೋಳ ಮತ್ತು ಸೋಯಾ ಹೊಲಗಳ ನಡುವೆ ನುಗ್ಗಿ ಮಾರಿಸ್‌ಬರ್ಗ್ ಮುಟ್ಟುತ್ತದೆ. ಅಲ್ಲಿಂದ ಸೇಂಟ್ ಲಾರೆನ್ಸ್ ನದಿಯ ಗುಂಟ ಪೂರ್ವಕ್ಕೆ ಸುಮಾರು 11 ಕಿಲೋಮೀಟರ್. ಒಂದು ಗಂಟೆ ಚಿಲ್ಲರೆ ದಾರಿ.

ಇದು ಬಯಲಿನಲ್ಲಿ ಹರಡಿದ ಮ್ಯೂಸಿಯಂ. 1961ರಲ್ಲಿ ತೆರೆದದ್ದು. 40ಕ್ಕೂ ಹೆಚ್ಚು ಹಳೆ ಕಟ್ಟಡಗಳು, ಹೊಲ, ಕೊಟ್ಟಿಗೆ, ಕಾಲುವೆ, ಎರಡು ಚರ್ಚು, ಶಾಲೆ, ಹೆಂಡದಂಗಡಿ. ಒಳಗೆ ಕಾಲ 1860ರ ದಶಕ, ಅಂದರೆ 1867ರಲ್ಲಿ ಕೆನಡಾ ಒಕ್ಕೂಟವಾಗುವ ಸ್ವಲ್ಪ ಮುಂಚೆ. ಕೆಲಸ ಮಾಡುವವರೆಲ್ಲ ಆಗಿನ ಉಡುಪಿನಲ್ಲೇ ಇರುತ್ತಾರೆ, ಆಗಿನ ಕೆಲಸವನ್ನೇ ಮಾಡುತ್ತಿರುತ್ತಾರೆ. ಹೆಸರಿನ 'ಅಪ್ಪರ್' ನೋಡಿ ಉತ್ತರ ದಿಕ್ಕು ಅಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಅದು ನದಿಯ ಮೇಲ್ಭಾಗ, ಅಪ್ಪರ್ ಕೆನಡಾ ಅಂದರೆ ಈಗಿನ ಒಂಟಾರಿಯೊದ ಹಳೆ ಹೆಸರು. ನಮ್ಮ ಕಡೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುವುದಿಲ್ಲವೇ, ಹಾಗೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ದೊರೆಯ ಕಡೆ ನಿಂತು ಸೋತು, 1784ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಈ ದಡಕ್ಕೆ ಬಂದವರಿಗೆ ಲಾಯಲಿಸ್ಟರು ಎಂದು ಹೆಸರು. ಇಲ್ಲಿ ಕಾಣುವುದು ಅವರ ಮೊಮ್ಮಕ್ಕಳ ಕಾಲ. ಕಾಡು ಕಡಿದು ಮುಗಿದಿದೆ, ದಿಮ್ಮಿ ಗುಡಿಸಲ ಪಕ್ಕ ಇಟ್ಟಿಗೆ ಮನೆ ಎದ್ದಿದೆ, ನೀರಿನಿಂದ ತಿರುಗುವ ಗಿರಣಿಗಳು ಬಂದಿವೆ.

ನಾವು ಮೂರು ತಂಡ ಮಾಡಿಕೊಂಡೆವು. ಇದು ನನ್ನ ಮೊದಲ ಸಲಹೆ. 38 ಜನ ಒಂದೇ ಹಿಂಡಾಗಿ ನುಗ್ಗಿದರೆ ಚಮ್ಮಾರನ ಅಂಗಡಿಯಂಥ ಸಣ್ಣ ಕೋಣೆಯಲ್ಲಿ ಮುಂದಿನ ಹತ್ತು ಜನಕ್ಕೆ ಕಾಣುತ್ತದೆ, ಹಿಂದಿನವರಿಗೆ ಬೆನ್ನು ಮಾತ್ರ. ಹಿರಿಯರ ತಂಡಕ್ಕೆ ನಾನೂ ಇನ್ನೊಬ್ಬ ಗೆಳತಿಯೂ ದುಭಾಷಿಗಳು.

ಮೊದಲು ಹೊಕ್ಕಿದ್ದು ಮರ ಕೊಯ್ಯುವ ಗಿರಣಿ. ಅಲ್ಲೇ ಅರ್ಧ ಗಂಟೆ ಹೋಯಿತು. ನೀರಿನ ಗೇಟು ಎತ್ತಿದ ಕೂಡಲೇ ಕಾಲಡಿಯ ಹಲಗೆ ನಡುಗಲು ಶುರುವಾಗುತ್ತದೆ. ನಾವು ಸಾಮಿಲ್‌ನಲ್ಲಿ ನೋಡುವ ಗುಂಡು ಗರಗಸ ಇಲ್ಲಿಲ್ಲ. ಉದ್ದನೆಯ ನೆಟ್ಟನೆ ಅಲಗು ಮೇಲೆ ಕೆಳಗೆ ಆಡುತ್ತದೆ, ದಿಮ್ಮಿ ಹೊತ್ತ ಚೌಕಟ್ಟು ಒಂದೊಂದೇ ಹಲ್ಲಿನಷ್ಟು ಮುಂದೆ ಸರಿಯುತ್ತದೆ. ಪೈನ್ ಮರದ ಹಸಿ ಹೊಟ್ಟಿನ ವಾಸನೆ ಮೂಗಿಗೆ ಅಡರುತ್ತದೆ. ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. "ನಮ್ಮ ಮನೆ ಕಟ್ಟಕ್ಕಾದ್ರೆ ಹೊಂಡ ತೋಡಿ ಮೇಲೊಬ್ಬ ಕೆಳಗೊಬ್ಬ ನಿಂತು ಎಳೀತಿದ್ರು. ಕೆಳಗಿದ್ದವನ ಕಣ್ಣಿಗೆಲ್ಲ ಹೊಟ್ಟು" ಅಂದಳು. ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಗರಗಸ ನೋಡಿಕೊಳ್ಳುತ್ತಿದ್ದವರು ಗೇಟು ಇಳಿಸಿ, ಸದ್ದು ನಿಂತ ಮೇಲೆ ಹತ್ತಿರ ಬಂದು, ಗಿರಣಿ ಬರುವ ಮುಂಚೆ ಇಲ್ಲೂ ಹಾಗೇ ಕೊಯ್ಯುತ್ತಿದ್ದರು ಅಂದರು. ಕೆಳಗೆ ನಿಲ್ಲುವ ಕೆಲಸ ಇಲ್ಲೂ ಕಿರಿಯವನ ಪಾಲಿಗೇ ಬರುತ್ತಿತ್ತಂತೆ. ಆಗಷ್ಟೇ ಕೊಯ್ದ ಹಲಗೆಯ ಮೇಲೆ ಅಮ್ಮನ ಕೈ ಇರಿಸಿ, ಗರಗಸದ ಹಲ್ಲಿನ ಅಡ್ಡ ಗೆರೆಗಳನ್ನು ಮುಟ್ಟಿಸಿದರು.

ಉಣ್ಣೆ ಕಾರ್ಖಾನೆಯಲ್ಲಿ ನಮ್ಮ ತಂಡ ಒಬ್ಬರನ್ನು ಕಳೆದುಕೊಂಡಿತು. ಗೆಳತಿಯ ಮಾವ, ಚಳ್ಳಕೆರೆ ಕಡೆಯವರು, ಚಿಕ್ಕಂದಿನಲ್ಲಿ ಕಂಬಳಿ ನೇಯುವವರ ಕೇರಿಯಲ್ಲೇ ಬೆಳೆದವರು. ಉಣ್ಣೆ ಹಿಂಜುವ ಯಂತ್ರ, ಸಾಲುಗಟ್ಟಿ ನಿಂತ ಕದಿರುಗಳು, ಮೂಲೆಯಲ್ಲಿ ಮಗ್ಗ, ಕೆಳಗಿನಿಂದ ನೀರಿನ ಶಕ್ತಿ. ಅವರಿಗೆ ಒಂದೇ ಪ್ರಶ್ನೆ: ಹಾಸಿನ ನೂಲು ಗಟ್ಟಿಯಾಗಲು ಇವರು ಏನು ಸವರುತ್ತಾರೆ? ನಮ್ಮ ಕಡೆ ಹುಣಸೆ ಬೀಜ ಹುರಿದು ಬೀಸಿ ಕುದಿಸಿದ ಗಂಜಿ ಬಳಿಯುತ್ತಾರೆ. ನಾನು ಹುಣಸೆ ಬೀಜವನ್ನು ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡುತ್ತಿರುವಾಗಲೇ ಅವರು ಕೈಸನ್ನೆಯಲ್ಲಿ ಮಾತು ಶುರು ಮಾಡಿಯಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಒಂದು ಎಳೆ ನೂಲು ತುಂಡು ಮಾಡಿ ಕೊಟ್ಟಳು, ಇವರು ಅದನ್ನು ಬಿಚ್ಚಿ ಹುರಿ ನೋಡಿದರು. ನಾವು ಮುಂದೆ ಹೋಗಿ, ಊಟಕ್ಕೆ ಕರೆಯಲು ವಾಪಸ್ ಬಂದಾಗಲೂ ಅಲ್ಲೇ ಇದ್ದರು. ಈ ಜಾಗ ಹಿರಿಯರಿಗೆ ಹಿಡಿಸುವುದು ಯಾಕೆ ಅನ್ನುವುದು ನನಗೆ ಅಲ್ಲಿ ಅರ್ಥವಾಯಿತು. ಕೆನಡಾಕ್ಕೆ ಬಂದ ಮೇಲೆ ಅವರು ಎಲ್ಲದಕ್ಕೂ ನಮ್ಮನ್ನೇ ಕೇಳಬೇಕು: ನಲ್ಲಿ ತಿರುಗಿಸುವುದು ಹೇಗೆ, ಬಸ್ಸಿನ ಬಾಗಿಲು ತೆಗೆಯುವುದು ಹೇಗೆ. ಇಲ್ಲಿ ಅವರೇ ತಿಳಿದವರು. ನನಗೂ ನನ್ನ ಮಗನಿಗೂ ಅಮ್ಮ ಪಾಠ ಹೇಳಿದಳು: ಇದು ಮೊರ ಅಲ್ಲ ಆದರೆ ಅದರದ್ದೇ ಕೆಲಸ, ಇದು ಕಡಗೋಲಿನ ಬದಲು, ಇದು ಕುದುರೆಯ ಲಾಳ, ಕಾಯಿಸಿದ ಕಬ್ಬಿಣದ ಬಣ್ಣ ನೋಡಿಯೇ ಬಡಿಯಬೇಕು.

ಹಿಟ್ಟಿನ ಗಿರಣಿಯಿಂದ ಬೇಕರಿಗೆ, ಬೇಕರಿಯಿಂದ ಅಂಗಡಿಗೆ. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿ. ಇಲ್ಲಿನ ಗಿರಣಿಯಲ್ಲೇ ಬೀಸಿದ ಗೋಧಿ ಹಿಟ್ಟಿನಿಂದ ಬ್ರೆಡ್ಡು ಮಾಡಿ ಮಾರುತ್ತಾರೆ. ಇಟ್ಟಿಗೆ ಒಲೆಯ ಹೊಟ್ಟೆಯೊಳಗೇ ಕಟ್ಟಿಗೆ ಉರಿಸಿ, ಕೆಂಡ ಎಳೆದು, ಉಳಿದ ಕಾವಿನಲ್ಲಿ ಬೇಯಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಖಾಲಿಯಾದೀತೆಂದು ನಾವು ಬೆಳಿಗ್ಗೆಯೇ ಆರು ಬ್ರೆಡ್ಡು ಹಿಡಿದೆವು. ತೊಗಟೆ ದಪ್ಪ, ಒಳಗೆ ಒತ್ತೊತ್ತಾದ ತಿರುಳು, ಸೂಪರ್ ಮಾರ್ಕೆಟ್ಟಿನ ಹತ್ತಿಯಂಥ ಬ್ರೆಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದಾಗ ಅಮ್ಮ ಊರಿಂದ ತಂದಿದ್ದ ಅಪ್ಪೆಮಿಡಿಯ ಬಾಟಲಿಯೂ ಬಂತು. ಬ್ರೆಡ್ಡಿನ ತುದಿಗೆ ಬೆಣ್ಣೆ, ಅದರ ಮೇಲೆ ಮಿಡಿಯ ರಸ. ಚಿತ್ರಾನ್ನ ಉಳಿಯಿತು, ಆರೂ ಬ್ರೆಡ್ಡು ಮುಗಿದವು. ಕೂತು ಉಣ್ಣುವವರಿಗೆ ಹಳ್ಳಿಯ ಒಳಗೆ ವಿಲ್ಲರ್ಡ್ಸ್ ಹೋಟೆಲ್ ಇದೆ. ಅಪ್ಪಟ ಸಸ್ಯಾಹಾರಿಗಳಿರುವ ದೊಡ್ಡ ಗುಂಪಿಗೆ ಮನೆಯ ಡಬ್ಬಿಯೇ ನಿಶ್ಚಿಂತೆ.

ಚೀಸ್ ಕಾರ್ಖಾನೆ ಸಣ್ಣದು, ಆದರೆ ಬಿಡಬೇಡಿ. ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆಯುವಂಥದ್ದು ಎಂದು ಕೇಳಿದ ಮೇಲೆ ನಮ್ಮ ಹಿರಿಯರಲ್ಲಿ ಕೆಲವರು ಹೊರಗೆ ನಿಂತರು. ನಿಮ್ಮವರಿಗೂ ಮೊದಲೇ ಹೇಳಿಬಿಡಿ, ಆಮೇಲೆ ಬೇಜಾರು ಬೇಡ. ಒಳಗೆ ಬಂದವರಿಗೆ ಸಿಕ್ಕ ಕತೆ ಚೆನ್ನಾಗಿತ್ತು. ಅದುವರೆಗೆ ಮನೆಮನೆಯಲ್ಲಿ ಹೆಂಗಸರು ಬೆಣ್ಣೆ, ಚೀಸ್ ಮಾಡುತ್ತಿದ್ದರು. 1864ರಲ್ಲಿ ಒಂಟಾರಿಯೊದ ಮೊದಲ ಚೀಸ್ ಕಾರ್ಖಾನೆ ನಾರ್ವಿಚ್ ಎಂಬಲ್ಲಿ ಶುರುವಾಯಿತು. ಅಕ್ಕಪಕ್ಕದ ರೈತರು ಹಾಲನ್ನು ಒಂದೇ ಕಡೆ ತಂದು ಸುರಿಯುವುದು, ಅಳತೆ ಬರೆಸುವುದು, ಚೀಸ್ ಮಾರಿದ ಮೇಲೆ ಪಾಲು ಪಡೆಯುವುದು. "ಹಾಲಿನ ಸೊಸೈಟಿ ಅಲ್ದನೇ ಇದು?" ಅಂದಳು ಅಮ್ಮ. ನಾನು ಹತ್ತು ವಾಕ್ಯ ಹೇಳಬೇಕಿದ್ದದ್ದು ಒಂದರಲ್ಲಿ ಮುಗಿಯಿತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮಕ್ಕಳಿಗೆ ಶಾಲೆ, ಕುದುರೆ ಎಳೆಯುವ ದೋಣಿ, ಪುಟಾಣಿ ರೈಲು. ದೋಣಿ ಕಾಲುವೆಯಲ್ಲಿ ಹೋಗುತ್ತದೆ, ದಡದ ಮೇಲೆ ಕುದುರೆ ಹಗ್ಗ ಕಟ್ಟಿಕೊಂಡು ನಡೆಯುತ್ತದೆ. ನನ್ನ ಮಗನಿಗೆ ಇಡೀ ದಿನದಲ್ಲಿ ಅದೇ ದೊಡ್ಡ ಸುದ್ದಿ. ಅಚ್ಚಿನ ಮನೆಯಲ್ಲಿ ಮೊಳೆಗಳನ್ನು ಕನ್ನಡಿಯ ಬಿಂಬದಂತೆ ತಿರುಗು ಮುರುಗಾಗಿ ಜೋಡಿಸುವುದನ್ನು ತೋರಿಸುತ್ತಾರೆ. ತಗಡಿನ ಕೆಲಸದವರು, ಪೊರಕೆ ಕಟ್ಟುವವರು, ಬಡಗಿ, ಕಮ್ಮಾರ ಎಲ್ಲರೂ ಇದ್ದಾರೆ. ದೊಡ್ಡವರ ಬಂಗಲೆಗಳು ನನಗೆ ಅಷ್ಟು ಹಿಡಿಸಲಿಲ್ಲ. ಕೈ ಆಡುತ್ತಿರುವ ಕಡೆಯೇ ಈ ಊರಿನ ಜೀವ ಇರುವುದು, ಸಮಯ ಅಲ್ಲಿ ಕಳೆಯಿರಿ.

ಊಟದ ನಂತರ ಒಂದು ತೋಟದ ಮನೆಯ ಅಡುಗೆಕೋಣೆಗೆ ಹೋದೆವು. ಎರಕದ ಕಬ್ಬಿಣದ ಒಲೆ ಉರಿಯುತ್ತಿತ್ತು. ಹಿತ್ತಲಿನ ಸೊಪ್ಪು, ಬೀಟ್‌ರೂಟ್ ಹೆಚ್ಚಿಟ್ಟಿದ್ದರು. ಅಮ್ಮ ಮೊದಲು ನೋಡಿದ್ದು ಹೊಗೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಕೊಳವೆ ಕಂಡ ಮೇಲೆ "ಅಸ್ತ್ರ ಒಲೆ ಹಾಂಗೇ" ಅಂತ ಸಮಾಧಾನ. ನಮ್ಮ ಕಡೆಯ ಹೊಗೆಯಿಲ್ಲದ ಒಲೆ ಅದು. ಆಮೇಲೆ ಬಾಗಿಲ ಚೌಕಟ್ಟು, ನೆಲದ ಹಲಗೆ, ಮೇಲಿನ ತೊಲೆ ನೋಡುತ್ತ ಕೇಳಿದಳು: "ಈ ಮನೆ ಇಲ್ಲೇ ಕಟ್ಟಿದ್ದನೇ?"

ಈ ಪ್ರಶ್ನೆಗೆ ನಾನು ಹೆದರಿಕೊಂಡಿದ್ದೆ. ಉತ್ತರ ನನಗೆ ಗೊತ್ತಿತ್ತು, ಹೊರಡುವ ಮುಂಚೆ ಹೇಳಲು ಬಾಯಿ ಬಂದಿರಲಿಲ್ಲ.

ಅಪ್ಪರ್ ಕೆನಡಾ ವಿಲೇಜ್ ಎಂಬ ಊರು ಹಿಂದೆ ಎಂದೂ ಇರಲಿಲ್ಲ. ಬೇರೆ ಬೇರೆ ಕಡೆಯ ಕಟ್ಟಡಗಳನ್ನು ತಂದು ಜೋಡಿಸಿದ ಊರು ಇದು. 1950ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕ ಸೇರಿ ಸೇಂಟ್ ಲಾರೆನ್ಸ್ ನದಿಯನ್ನು ಸಮುದ್ರದ ಹಡಗು ಓಡುವಷ್ಟು ಆಳ ಮಾಡಲು, ಜೊತೆಗೆ ಕರೆಂಟು ತೆಗೆಯಲು ಹೊರಟವು. ಕಾರ್ನ್‌ವಾಲ್ ಹತ್ತಿರ ಅಣೆಕಟ್ಟು ಎದ್ದಿತು. 1958ರ ಜುಲೈ 1, ಆಗ ಡೊಮಿನಿಯನ್ ಡೇ ಅನ್ನುತ್ತಿದ್ದ ಈಗಿನ ಕೆನಡಾ ದಿನ, ಬೆಳಿಗ್ಗೆ 8 ಗಂಟೆಗೆ ನೀರನ್ನು ತಡೆದಿದ್ದ ತಾತ್ಕಾಲಿಕ ಒಡ್ಡನ್ನು 30 ಟನ್ ಸಿಡಿಮದ್ದು ಇಟ್ಟು ಒಡೆದರು. ನಾಲ್ಕು ದಿನಗಳಲ್ಲಿ ಕೆರೆ ತುಂಬಿತು. ಆಲ್ಟ್ಸ್‌ವಿಲ್, ಫ್ಯಾರನ್ಸ್ ಪಾಯಿಂಟ್, ಡಿಕಿನ್ಸನ್ಸ್ ಲ್ಯಾಂಡಿಂಗ್, ವೇಲ್ಸ್, ಮೂಲಿನೆಟ್, ಮಿಲ್ ರೋಶ್ ಮುಂತಾದ ಊರುಗಳು ಕೆಳಗೆ ಹೋದವು. ಸುಮಾರು 6,500 ಜನ ಎದ್ದು ಹೊರಟರು. ಅವರಿಗಾಗಿ ಇಂಗಲ್‌ಸೈಡ್, ಲಾಂಗ್ ಸೂ ಎಂಬ ಹೊಸ ಊರುಗಳನ್ನು ಕಟ್ಟಿದರು. 500ಕ್ಕೂ ಹೆಚ್ಚು ಮನೆಗಳನ್ನು ಒಡೆಯದೆ, ಬಿಚ್ಚದೆ, ದೈತ್ಯ ಗಾಲಿಗಳ ಯಂತ್ರದ ಮೇಲೆ ಇಡಿಯಾಗಿ ಎತ್ತಿ ಸಾಗಿಸಿದರು. ಕಪಾಟಿನ ಪಿಂಗಾಣಿಯನ್ನೂ ತೆಗೆಯಬೇಕಿರಲಿಲ್ಲವಂತೆ. ಮ್ಯೂಸಿಯಂ ಹುಟ್ಟಿದ್ದೇ ಈ ಮುಳುಗಡೆಯಿಂದ. ಇಲ್ಲಿನ ಎಲ್ಲವೂ ಮುಳುಗಿದ ಊರಿನವಲ್ಲ, ಉಣ್ಣೆ ಕಾರ್ಖಾನೆ ಕಿಂಗ್‌ಸ್ಟನ್ ಪಕ್ಕದ ಒಡೆಸ್ಸಾದಿಂದ ಬಂದದ್ದು. ಆದರೆ ನದಿಯಂಚಿನಿಂದ ನೀರಿಗೆ ಮುಂಚೆ ಎತ್ತಿ ತಂದವು ಬಹಳ ಇವೆ.

ಅಮ್ಮ ಹುಟ್ಟಿದ್ದು ಶರಾವತಿಯ ಆಚೆ, ಕರೂರು ಸೀಮೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಗ ಅವಳಿಗೆ ಹನ್ನೆರಡು. ಅಡಿಕೆ ತೋಟ, ಬಾವಿ, ಶಾಲೆಗೆ ಹೋಗುವ ಸಂಕ, ಎಲ್ಲ ನೀರಿನಡಿ. ಅಜ್ಜ ಮನೆ ಬಿಚ್ಚಿ ಲಾರಿಗೆ ಹಾಕಿದ್ದು ಹೆಬ್ಬಾಗಿಲು, ನಾಲ್ಕು ಕಂಬ, ಒಂದಷ್ಟು ಹೆಂಚು. ಆ ಹೆಬ್ಬಾಗಿಲು ಈಗಲೂ ಸಾಗರದಲ್ಲಿ ಸೋದರಮಾವನ ಮನೆಗಿದೆ. ಗೋಡೆ ಸಿಮೆಂಟಿನದು, ಬಾಗಿಲು ಅದೇ.

ನಾನು ಹೇಳಿ ಮುಗಿಸುವವರೆಗೂ ಅಮ್ಮ ಮಾತಾಡಲಿಲ್ಲ. ಅಡುಗೆಮನೆಯ ಹೆಂಗಸು ಚಾಕು ಕೆಳಗಿಟ್ಟು ನಮ್ಮ ಮುಖ ನೋಡುತ್ತಿದ್ದರು.

"ಮನೇನೇ ಹೊತ್ಕಂಡು ಬಂದ್ರಾ? ಇಡಿಯಾಗಿ?"

"ಹೌದಮ್ಮ."

"ನೀರು ಬರಕ್ಕೆ ಎಷ್ಟು ದಿನ ಆತು?"

"ನಾಲ್ಕು ದಿನ."

"ನಮ್ಮಲ್ಲಿ ಮಳೆಗಾಲ ಇಡೀ ಬಂತು" ಅಂದಳು. "ದಿನಾ ಬೆಳಿಗ್ಗೆ ಎದ್ದು ಎಲ್ಲಿವರೆಗೆ ಬಂತು ಅಂತ ನೋಡದು."

ಅಲ್ಲಿಂದ ಮುಂದೆ ಅವಳು ಮ್ಯೂಸಿಯಂ ನೋಡಿದ ರೀತಿಯೇ ಬೇರೆಯಾಯಿತು. ಪ್ರತಿ ಮನೆಯ ಹೊಸ್ತಿಲಿನಲ್ಲಿ ಒಂದು ಕ್ಷಣ ನಿಂತು, ಚೌಕಟ್ಟಿಗೆ ಕೈ ಮುಟ್ಟಿಸಿ ಒಳಗೆ ಹೋದಳು. ನಾನೂ ಆರು ವರ್ಷಗಳ ಹಿಂದೆ ಒಮ್ಮೆ ಬಂದಿದ್ದೆ, ಗೆಳೆಯರ ಜೊತೆ, ಫೋಟೋ ತೆಗೆದುಕೊಂಡು ಚೆಂದದ ಹಳೆ ಕಾಲ ಅಂದುಕೊಂಡು ವಾಪಸ್ ಹೋಗಿದ್ದೆ. ಮುಳುಗಿದ ಊರುಗಳ ಕತೆ ಗೊತ್ತಿಲ್ಲದೆ ಇಲ್ಲಿಗೆ ಬಂದರೆ ಕಾಣುವುದು ಸೊಗಸಾದ ಪ್ರದರ್ಶನ. ಗೊತ್ತಿದ್ದು ಬಂದರೆ ಪ್ರತಿ ಕಂಬಕ್ಕೂ ಬೇರೆ ತೂಕ. ಬಸ್ಸಿನಲ್ಲಿ ಬರುವಾಗಲೇ ಇದನ್ನು ಎಲ್ಲರಿಗೂ ಹೇಳಿ. ಹಾಗೆಯೇ ಲಾಯಲಿಸ್ಟರಿಗೂ ಮುಂಚೆ ಇದು ಮೊಹಾಕ್ ಜನರ ನೆಲ ಎಂಬುದನ್ನು ಮಕ್ಕಳಿಗೆ ಹೇಳಿ. ಕಾರ್ನ್‌ವಾಲ್ ಪಕ್ಕದ ಅಕ್ವೆಸಾಸ್ನೆಯಲ್ಲಿ ಅವರು ಇವತ್ತಿಗೂ ಇದ್ದಾರೆ, ಇದೇ ಯೋಜನೆಯಲ್ಲಿ ಜಮೀನು, ಮೀನುಗಾರಿಕೆ ಅವರೂ ಕಳೆದುಕೊಂಡರು. ಕಾಡು ಕಡಿದವರ ಕತೆ ಕೇಳುವಾಗ ಆ ಕಾಡಿನಲ್ಲಿ ಯಾರಿದ್ದರು ಅನ್ನುವುದನ್ನು ಬಿಡಬಾರದು.

ಗುಂಪು ಕರೆದೊಯ್ಯುವವರಿಗೆ ಇನ್ನೆರಡು ಮಾತು. ಮುಖ್ಯ ಸೀಸನ್ ಬೇಸಿಗೆಯದು, ಹೊರಡುವ ಮುಂಚೆ ತೆರೆದಿರುವ ದಿನ ನೋಡಿಕೊಳ್ಳಿ, ಗುಂಪಿನ ಟಿಕೆಟನ್ನು ಮುಂಗಡವಾಗಿ ಮಾತಾಡಿಕೊಳ್ಳಿ. ದಾರಿ ಮಣ್ಣಿನದು, ಜಲ್ಲಿಯದು. ಚಪ್ಪಲಿ ಬೇಡ, ಶೂ ಹಾಕಿಸಿ. ಮಂಡಿ ನೋವಿನವರನ್ನು ಕುದುರೆ ಗಾಡಿಗೆ ಹತ್ತಿಸಿ. ಟೋಪಿ, ನೀರು ಮರೆಯಬೇಡಿ. ಅರ್ಧ ದಿನ ಸಾಕು ಅನ್ನುವವರ ಮಾತು ಕೇಳಬೇಡಿ, ಆರು ಗಂಟೆ ಇಟ್ಟುಕೊಳ್ಳಿ.

ಹೊರಗೆ ಬಂದ ಮೇಲೆ ಬಸ್ಸು ಹತ್ತುವ ಮುಂಚೆ ಪಕ್ಕದಲ್ಲೇ ಇರುವ ಪಯೊನೀರ್ ಮೆಮೋರಿಯಲ್ ನೋಡಿ. ಹೆಚ್ಚಿನವರು ಅದನ್ನು ದಾಟಿ ಪಾರ್ಕಿಂಗ್ ಕಡೆಗೆ ಹೋಗಿಬಿಡುತ್ತಾರೆ. ಮುಳುಗಿದ ಊರುಗಳ ಸ್ಮಶಾನದಿಂದ ತಂದ ಸಮಾಧಿ ಕಲ್ಲುಗಳನ್ನು ಇಟ್ಟಿಗೆ ಗೋಡೆಯಲ್ಲಿ ಹುದುಗಿಸಿ ನಿಲ್ಲಿಸಿದ್ದಾರೆ. ಪಕ್ಕದ ದಿಬ್ಬದ ಮೇಲಿನ ಸ್ಮಾರಕ ಕ್ರೈಸ್ಲರ್ಸ್ ಫಾರ್ಮ್ ಯುದ್ಧದ್ದು. 1813ರ ನವೆಂಬರ್ 11ರಂದು ಮಾಂಟ್ರಿಯಲ್ ಕಡೆ ಹೊರಟಿದ್ದ ಅಮೆರಿಕನ್ ಸೇನೆಯನ್ನು ಅದಕ್ಕಿಂತ ಬಹಳ ಕಡಿಮೆ ಇದ್ದ ಬ್ರಿಟಿಷ್ ಮತ್ತು ಕೆನಡಾದ ಸೈನಿಕರು ಸೋಲಿಸಿದ ಜಾಗ. ಆ ರಣರಂಗವೂ ಈಗ ನೀರಿನಡಿ, ದಿಬ್ಬ ಮಾಡಿದ್ದು ಅಲ್ಲಿಂದ ತಂದ ಮಣ್ಣಿನಲ್ಲಿ. ಅಮ್ಮನಿಗೆ ಯುದ್ಧ ಬೇಕಿರಲಿಲ್ಲ. ಕಲ್ಲುಗಳ ಮೇಲಿನ ಇಸವಿ ಓದಿಸಿಕೊಂಡಳು, ಬೆರಳೆಣಿಸಿ ವಯಸ್ಸು ಲೆಕ್ಕ ಹಾಕಿದಳು. ಎಳೆ ಮಕ್ಕಳ ಕಲ್ಲುಗಳ ಮುಂದೆ ಲೆಕ್ಕ ನಿಲ್ಲಿಸಿದಳು.

ಆಮೇಲೆ ನದಿಯ ಕಡೆ ನಡೆದೆವು. ಆಚೆ ದಡ ಅಮೆರಿಕ. ಒಂದು ಉದ್ದನೆಯ ಸರಕು ಹಡಗು ಸದ್ದಿಲ್ಲದೆ ಹೋಗುತ್ತಿತ್ತು. ನೀರು ತಗ್ಗಿದ ವರ್ಷಗಳಲ್ಲಿ ಆಲ್ಟ್ಸ್‌ವಿಲ್‌ನ ಹಳೆ ರಸ್ತೆ, ಮನೆಗಳ ಅಡಿಪಾಯ ಮೇಲೆ ಕಾಣುತ್ತವೆ ಎಂದೆ.

"ಮಡೆನೂರು ಡ್ಯಾಮು ಕಾಣ ಹಾಂಗೆ" ಅಂದಳು. ಲಿಂಗನಮಕ್ಕಿಗೂ ಮುಂಚಿನ ಆ ಹಳೆ ಅಣೆಕಟ್ಟು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೆ ಬರುತ್ತದೆ. ಚಿಕ್ಕಂದಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದಳು.

ಬಸ್ಸಿನ ಹಾರ್ನ್ ಎರಡನೇ ಸಲ ಕೇಳಿತು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು, ನಾಲ್ಕು ಹೆಜ್ಜೆ ಬಂದು ಮತ್ತೆ ತಿರುಗಿ ನೋಡಿದಳು.

"ಇಲ್ಲಿ ನೀರು ಇಳಿಯದು ಯಾವ ತಿಂಗಳು ಕೂಸೇ?"